ಬಿಟ್ಟುಬಿಡಿ

ಭಾವ ತಾವಾಗಿಯೇ “ಬಾರೋ, ಎರಡು ದಿನ ಬೆಟ್ಟದ ಲಾಡ್ಜಲ್ಲಿ ಇದ್ದು ಬರೋಣ” ಎಂದಾಗಲೇ ರೀಲುವಿಗೆ ಅನುಮಾನ ಬಂದಿತ್ತು.

ಬಾಯಿ ತೆರೆದರೆ ರೀಲು ಬಿಡುತ್ತಾನೆಂದು ಅಕ್ಕನೇ ಇಟ್ಟ ಹೆಸರದು. ಕಳೆದ ತಿಂಗಳು ಇವನು ಭಾವನ ಮ್ಯಾನೇಜರ್ ದನಿಯಲ್ಲಿ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಅವರನ್ನು ಕೋಟು-ಟೈ ಸಮೇತ ಬೀಗ ಹಾಕಿದ ಆಫೀಸಿನ ಮುಂದೆ ನಿಲ್ಲಿಸಿದ್ದ. ಭಾವ ಬೈಯಲಿಲ್ಲ, ಬರೀ ನಕ್ಕರು. ಸಿನಿಮಾದಲ್ಲಿ ಬೈಯುವವನು ಕಾಮಿಡಿಯವನು, ನಗುವವನೇ ವಿಲನ್!

ಲಾಡ್ಜಿನ ಗೋಡೆಗಳೆಲ್ಲ ಮರದ ಹಲಗೆ. ಬೆಳಿಗ್ಗೆ ರೀಲು ಹಲ್ಲುಜ್ಜುತ್ತಿದ್ದಾಗ ಸಂದಿಯಿಂದ ಭಾವನ ಪಿಸುದನಿ ಕೇಳಿತು. ಆಚೆ ಗೈಡ್, ಅವತ್ತು ಇವರನ್ನು ಬಂಡೆಯಿಂದ ಇಳಿಸಲು ಹಗ್ಗ ಸುತ್ತುತ್ತಿದ್ದ.

“ಮೇಲೆ ಹೋದ್ಮೇಲೆ ನಮ್ಮ ಬಾಮೈದನ್ನ ಬಿಟ್ಟುಬಿಡಿ. ಯಾರಿಗೂ ಗೊತ್ತಾಗ್ಬಾರ್ದು.”

“ಆಯ್ತು ಸಾರ್. ಏನೋ ನೆಪ ಹೇಳಿ ಬಿಟ್ಬಿಡ್ತೀನಿ.”

ರೀಲು ಬಾಯಲ್ಲಿದ್ದ ಪೇಸ್ಟನ್ನೆಲ್ಲ ನುಂಗಿದ. ಮೊದಲೇ ಸ್ಟೂಲು ಹತ್ತಿ ಬಲ್ಬು ಬದಲಿಸಲೂ ಕಾಲು ನಡುಗುವ ಜೀವ. ಆ ಗುಟ್ಟು ಅಕ್ಕನೊಬ್ಬಳಿಗೇ ಗೊತ್ತು. ಬರಲ್ಲ ಎಂದರೆ ಮಾನ ಹೋಗುತ್ತದೆ, ಹೋದರೆ ಪ್ರಾಣ!

ಬಂಡೆಯ ತುದಿಯಲ್ಲಿ ಗೈಡ್ ತಲೆ ಕೆರೆದುಕೊಂಡ. “ನಿಮ್ಮ ಸೈಜಿನ ಬೆಲ್ಟಿಲ್ಲ ಬ್ರದರ್. ಇಲ್ಲೇ ಕೂತಿರಿ.”

ನೆಪ! ಒಂಟಿಯಾಗಿ ಕೂರಿಸಿ ಕತೆ ಮುಗಿಸುವ ಸ್ಕೆಚ್ಚು!

“ಯಾವ ಬೆಲ್ಟಾದ್ರೂ ಆಗತ್ತೆ,” ರೀಲು ಗುಡುಗಿದ. “ನನ್ನನ್ನ ಭಾವನ ಜೊತೆ ಒಂದೇ ಹಗ್ಗಕ್ಕೆ ಕಟ್ಟಿ. ಹೋದ್ರೆ ಇಬ್ರೂ ಹೋಗ್ಬೇಕು!”

ಗೈಡ್ ಭಾವನ ಮುಖ ನೋಡಿದ. ಭಾವ ಬೆರಗಾಗಿ ತಲೆಯಾಡಿಸಿದರು. ಇಬ್ಬರನ್ನೂ ಕಟ್ಟಿ ಇಳಿಸಿದ್ದಾಯಿತು. ರೀಲು ಕಣ್ಣು ಮುಚ್ಚಿ, ಭಾವನ ಕತ್ತಿಗೆ ಉಡದಂತೆ ಅಂಟಿಕೊಂಡಿದ್ದ.

“ಬಿಡೋ, ಉಸಿರು ಕಟ್ತಿದೆ. ನೆಲ ಬಂತು!”

“ಬಿಡಲ್ಲ! ಬೆಳಿಗ್ಗೆ ಎಲ್ಲಾ ಕೇಳಿಸ್ಕೊಂಡೆ. ‘ಬಾಮೈದನ್ನ ಬಿಟ್ಟುಬಿಡಿ’ ಅಂದ್ರಲ್ಲ!”

“ಅಯ್ಯೋ ಪುಣ್ಯಾತ್ಮ! ನಿಂಗೆ ಎತ್ತರ ಅಂದ್ರೆ ಆಗಲ್ಲ ಅಂತ ನಿಮ್ಮಕ್ಕ ಹೇಳಿದ್ಳು. ಇವನನ್ನ ಇಳಿಸ್ಬೇಡಿ, ಮಾನ ಉಳಿಸಿ ಅಂತ ಕೇಳ್ಕೊಂಡೆ ಕಣೋ!”

ರೀಲು ಕಣ್ಣು ತೆರೆದು ಮೇಲೆ ನೋಡಿದ. ಮೂರು ಮಹಡಿ ಎತ್ತರದ ಬಂಡೆ. ಅವನ ಕಾಲು ಆಗ ನಡುಗತೊಡಗಿತು. ಭಾವ ನಕ್ಕರು. ಅದೇ ನಗು. ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

“ಭಾವ... ಅಕ್ಕನಿಗೆ ಫೋನ್ ಮಾಡಿ, ಒಬ್ಬನೇ ಇಳಿದೆ ಅಂತ ಹೇಳ್ಲಾ?”

“ಎಷ್ಟು ಬೇಕಾದ್ರೂ ರೀಲು ಬಿಡು. ಮೊದಲು ನನ್ನ ಕತ್ತು ಬಿಡು!”