ಗಂಟೆ ಒತ್ತಲು ಸಂಕೋಚ

ಅಮೆರಿಕದ ಮಿನ್ನೆಸೋಟದ ಹಳೇ ರೈತರಿಗೆ ಆಸ್ಪತ್ರೆಯಲ್ಲಿ ಕರೆಗಂಟೆ ಒತ್ತುವುದೆಂದರೆ ಪ್ರಾಣಸಂಕಟ. ನರ್ಸಿಗೆ ಸುಮ್ಮನೆ ಯಾಕೆ ತೊಂದರೆ ಎಂದು ತಾವೇ ಎದ್ದು ಬಚ್ಚಲಮನೆಗೆ ಹೊರಡುತ್ತಾರೆ, ದಾರಿಯಲ್ಲಿ ಬೀಳುತ್ತಾರೆ. ಬಿದ್ದ ಮೇಲಾದರೂ ಕೂಗಿಕೊಳ್ಳುತ್ತಾರೆಯೇ? ಇಲ್ಲ. ಯಾರಾದರೂ ಬಂದೇ ಬರುತ್ತಾರೆಂದು ನೆಲದ ಮೇಲೆ ಮರ್ಯಾದೆಯಿಂದ ಕಾಯುತ್ತಾರೆ.

ಇದಕ್ಕೊಂದು ಮದ್ದು ಕಂಡುಹಿಡಿದವಳು ಸಿಗ್ನೆ ಹಾಲ್ವರ್ಸನ್, ಹದಿನೆಂಟು ವರ್ಷದಿಂದ ಅದೇ ವಾರ್ಡಿನ ನರ್ಸು. ರೋಗಿ ಬಂದ ದಿನವೇ, "ನಾನು ಹೊರಗೆ ಹೋಗ್ತೀನಿ, ಒಂದ್ಸಲ ಒತ್ತಿ ನೋಡೋಣ" ಎನ್ನುವಳು. ಗಂಟೆಯಾದೊಡನೆ ಓಡಿ ಬರುವಳು. ಅಷ್ಟೇ. ಹೋದ ವರ್ಷ ಹದಿನಾಲ್ಕು ಜನ ಬಿದ್ದಿದ್ದ ವಾರ್ಡಿನಲ್ಲಿ ಈ ವರ್ಷ ಬಿದ್ದವರು ಮೂವರು.

ತಾನೂ ನರ್ಸೇ ಆಗಿದ್ದ ಮೇಲ್ವಿಚಾರಕಿ ಬರ್ನಡೆಟ್ ಹಿಗ್ಗಿಹೋದಳು. ನರ್ಸುಗಳಿಗೆ ಎರಡು ಬಗೆಯ ಡಾಕ್ಟರೇಟ್ ಉಂಟು. ಒಂದು ಕೆಲಸದ್ದು: ಗೊತ್ತಿರುವುದನ್ನು ನಾಲ್ಕು ಕಡೆ ನಡೆಸಿ ತೋರಿಸುವುದು. ಇನ್ನೊಂದು ಸಂಶೋಧನೆಯದು: ಗೊತ್ತಿಲ್ಲದ್ದನ್ನು ಹುಡುಕುವುದು.

"ಕೆಲಸದ್ದೇ ಮಾಡು. ಮೂರು ವರ್ಷ, ವಾರ್ಡೂ ಬಿಡ್ಬೇಕಾಗಿಲ್ಲ. ನಮ್ಮ ಸಂಸ್ಥೆಯ ಇನ್ನೈದು ಆಸ್ಪತ್ರೇಲೂ ಇದು ಶುರುವಾಗ್ಲಿ" ಎಂದು ಬರ್ನಡೆಟ್ ಅರ್ಜಿಯನ್ನೇ ತಂದುಕೊಟ್ಟಳು.

"ಇದು ಯಾಕೆ ಕೆಲಸ ಮಾಡ್ತು ಅಂತ್ಲೇ ಗೊತ್ತಿಲ್ವಲ್ಲ" ಎಂದಳು ಸಿಗ್ನೆ.

"ಯಾಕೆ ಅನ್ನೋದನ್ನ ಕಟ್ಕೊಂಡು ಏನಾಗ್ಬೇಕೇ? ಜನ ಬೀಳ್ತಿಲ್ಲ, ಸಾಲ್ದಾ?"

ಸಾಲದು. ಅದೇ ಸಿಗ್ನೆಯ ಕಷ್ಟ. ಅವಳ ಚೀಲದಲ್ಲಿ ಸಂಶೋಧನೆಯ ಅರ್ಜಿಯೂ ಇತ್ತು. ಅದಾದರೆ ಐದು ವರ್ಷ, ಪ್ರೀತಿಯ ವಾರ್ಡು ಬಿಡಬೇಕು. ಎರಡಕ್ಕೂ ಶುಕ್ರವಾರವೇ ಕೊನೆ.

ಬುಧವಾರ ಊಟದ ಬಿಡುವಿನಲ್ಲಿ ಅವಳು ಆರಿನ್ ಟ್ವೇಟನ್ನನ ಕೋಣೆಗೆ ಹೋದಳು. ಸೊಂಟದ ಆಪರೇಷನ್ ಆಗಿದ್ದ ಮುದುಕ, ಹಸು ಸಾಕಿ ಬದುಕಿದವನು. ಒಂದು ಸಲ ಒತ್ತಿದರೆ ಸಂಕೋಚ ಬಿಟ್ಟುಹೋಗುತ್ತದೆ, ಅಲ್ಲವೇ ಎಂದು ಕೇಳಿದಳು.

"ಸಂಕೋಚಾನಾ? ಅದು ಹಂಗೇ ಐತೆ ಕಣಮ್ಮ. ನೀನು ಹೊರಗೆ ಹೋದಾಗ ಬೂಟಿನ ಸದ್ದು ಎಣಿಸ್ದೆ. ಹದಿನೇಳು ಹೆಜ್ಜೆ. ಓ, ಇಲ್ಲೇ ಹತ್ತಿರ ಇರ್ತಾಳೆ, ಕರೆದ್ರೆ ತಪ್ಪಿಲ್ಲ ಅನ್ನಿಸ್ತು."

ಸಿಗ್ನೆ ಊಟ ಮರೆತು ಕಡತ ತೆಗೆದಳು. ಬಿದ್ದ ಮೂವರಲ್ಲಿ ಇಬ್ಬರು ಹೆಜ್ಜೆ ಸದ್ದು ಮುಟ್ಟದ ಕೊನೆಯ ಕೋಣೆಗಳವರು! ಆದರೆ ಮೂರನೆಯವಳು ಅಲ್ಮಾ ರೋಸ್ಟಾಡ್, ನರ್ಸುಗಳ ಮೇಜಿನ ಎದುರಿನ ಕೋಣೆಯವಳೇ. ಮುದುಕಿ ಇನ್ನೂ ಅಲ್ಲೇ ಇದ್ದಳು.

"ನೀವು ಬಿದ್ದ ದಿನ ನನ್ನ ಹೆಜ್ಜೆ ಸದ್ದು ಕೇಳಿಸ್ತಿರ್ಲಿಲ್ವಾ?"

"ಬೆಳಗಿನಿಂದ ಕೇಳಿಸ್ತಾನೇ ಇತ್ತು ಮಗೂ" ಎಂದಳು ಅಲ್ಮಾ. "ಎಷ್ಟು ಓಡಾಡ್ತಿದ್ದೆ! ಇನ್ನೊಂದ್ಸಲ ಓಡಿಸೋಕೆ ಮನಸ್ಸಾಗ್ಲಿಲ್ಲ."

ಒಬ್ಬನನ್ನು ಕಾಪಾಡಿದ ಸದ್ದೇ ಇನ್ನೊಬ್ಬಳನ್ನು ಬೀಳಿಸಿತ್ತು. ಸಿಗ್ನೆಗೆ ಮರುಕವಾಯಿತು. ಹೇಳಲು ನಾಚಿಕೆ, ಖುಷಿಯೂ ಆಯಿತು. ಇಷ್ಟು ಹುರುಪು ಅವಳಿಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ಶುಕ್ರವಾರ ಸಿಗ್ನೆ ಸಂಶೋಧನೆಯ ಅರ್ಜಿ ತುಂಬಿದ್ದು ನೋಡಿ ಬರ್ನಡೆಟ್ ಕೆಂಡವಾದಳು. "ಐದು ವರ್ಷ ಹೆಜ್ಜೆ ಎಣಿಸ್ತಾ ಕೂತಿರು. ಅಲ್ಲೀವರೆಗೂ ಆ ಐದು ಆಸ್ಪತ್ರೇಲಿ ಬೀಳೋರನ್ನ ಎತ್ತೋರ್ಯಾರು?"

ಆ ಮಾತು ನಾಟಿತು. ಸಿಗ್ನೆ ಕೆಲಸದ ಡಾಕ್ಟರೇಟಿನ ಖಾಲಿ ಅರ್ಜಿಯನ್ನು ತೆಗೆದು ಬರ್ನಡೆಟ್ಟಳ ಮುಂದೆ ಮೇಜಿನ ಮೇಲಿಟ್ಟಳು.

"ನೀನೇ. ಈ ಅರ್ಜಿ ನೀನು ಹಾಕು. ಅವರು ಬೀಳ್ತಾರಲ್ಲಾ ಅಂತ ನಿನಗೆ ಸಂಕಟ. ಸದ್ದು ಕೇಳ್ತಿದ್ರೂ ಅಲ್ಮಾ ಯಾಕೆ ಕರೀದೆ ಎದ್ಲು ಅನ್ನೋದೇ ನನ್ನ ತಲೆ ತಿಂತಿದೆ. ಎರಡಕ್ಕೂ ಜನ ಬೇಕು, ಬರ್ನಡೆಟ್."

"ಈ ಐವತ್ತಾರನೇ ವಯಸ್ಸಲ್ಲಿ ನನಗೆ ಡಾಕ್ಟರೇಟಾ? ತಲೆ ನೆಟ್ಟಗಿದ್ಯೇನೇ ನಿಂಗೆ?" ಎಂದು ಬರ್ನಡೆಟ್ ರೇಗಿದಳು. ಆದರೆ ಅರ್ಜಿಯನ್ನು ಹಿಂದಕ್ಕೆ ಕೊಡಲಿಲ್ಲ.