ಕೋಣೆ ತೋರಿಸಿ

“ಕಣ್ಣು ಮುಚ್ಚಿ,” ಎಂದ ಪಾಸ್ಕೋ.

ಪರದೆಯ ಮೇಲಿದ್ದ ಬ್ರಿಸ್ಬೇನಿನ ಯುವಕ ನಕ್ಕ. “ಯಾಕೆ?”

“ಸುಮ್ನೆ. ಮುಚ್ಕೊಂಡೇ ಹೇಳಿ. ನೀವು ಬರೆದ ಪ್ರೋಗ್ರಾಂ ಒಂದೇ ಕೆಲಸಾನ ಎರಡು ಸಲ ಮಾಡಿಬಿಟ್ರೆ ಹೇಗೆ ಕಂಡುಹಿಡೀತೀರಿ?”

ಯುವಕ ಕಣ್ಣು ಮುಚ್ಚಿದ. ಸಂದರ್ಶನ ಶುರುವಾದ ಅರ್ಧ ಗಂಟೆಯಿಂದ ನಲ್ಲಿ ಬಿಟ್ಟಂತೆ ಸುರಿಯುತ್ತಿದ್ದ ಮಾತು ಅಲ್ಲಿಗೇ ನಿಂತಿತು. ಅವನ ಪಕ್ಕದ ಇನ್ನೊಂದು ಪರದೆಯಲ್ಲಿ ಕೃತಕ ಬುದ್ಧಿಯ ಯಂತ್ರವೊಂದು ಉತ್ತರ ಬರೆದುಕೊಡುತ್ತಿತ್ತು. ಇವನು ಓದುತ್ತಿದ್ದ, ಅಷ್ಟೆ. “ಅದು... ಪರಿಸ್ಥಿತಿ ನೋಡ್ಕೊಂಡು...” ಎಂದು ತೊದಲಿ, ಒಂದು ಕಣ್ಣನ್ನು ಕದ್ದು ತೆರೆದ.

“ಥ್ಯಾಂಕ್ಸ್,” ಎಂದು ಪಾಸ್ಕೋ ಕರೆ ಮುಗಿಸಿದ.

ಹೀಗೆ ಸಿಕ್ಕಿಬಿದ್ದವರಲ್ಲಿ ಇವನು ಮೂವತ್ತೆರಡನೆಯವನು. ಮರ್ವಿನ್ ಪಾಸ್ಕೋ ಲೆಕ್ಕ ಇಟ್ಟಿದ್ದ. ವೃದ್ಧಾಶ್ರಮದ ದಾದಿಯರಿಗೆ ಪಾಳಿ ಹಂಚುವ ತಂತ್ರಾಂಶ ಅವನ ಕಂಪನಿಯದು. ಎರಡು ವರ್ಷದ ಹಿಂದೆ ಅಡಿಲೇಡಿನ ಕಚೇರಿ ಮುಚ್ಚಿ, ಇದ್ದ ಒಂಬತ್ತು ಜನರನ್ನು ಮನೆಗೆ ಕಳಿಸಿದರು. ಅವರ ಜಾಗಕ್ಕೆ ಎಲ್ಲೆಲ್ಲೋ ಕೂತು ಕೆಲಸ ಮಾಡುವವರನ್ನು ಆರಿಸುವ ಹೊಣೆ ಇವನಿಗೆ ಬಂತು. ಅದೇ ಊರಿನ ಬಡಾವಣೆ ಸೆಮಾಫೋರಿನ ಬಾಡಿಗೆ ಮನೆಯಲ್ಲೇ ಕೂತು ಆರಿಸುತ್ತಿದ್ದ. ಆರಿಸಿದವರಲ್ಲಿ ಒಬ್ಬರನ್ನೂ ಎದುರಿಗೆ ಕಂಡವನಲ್ಲ. ಕಾಣಬೇಕೆಂಬ ಆಸೆಯೂ ಇರಲಿಲ್ಲ. ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವನು. ಮನುಷ್ಯರೆಲ್ಲ ಸುಳ್ಳರೆಂಬ ಗುಮಾನಿ ಆಗಲೇ ಇತ್ತು, ಈ ಕೆಲಸ ಅದಕ್ಕೆ ದಾಖಲೆ ಒದಗಿಸಿತು.

ಫೋನ್ ಬಂತು. ಮೇಲಧಿಕಾರಿ ಡೆನೀಸ್ ಹ್ಯಾಲಮ್.

“ಏನ್ ಸ್ವಾಮಿ, ಇವತ್ತಾದ್ರೂ ಒಬ್ಬ ಸಿಕ್ನಾ?”

“ಇವನೂ ಕಳ್ಳ.”

“ಮೂರು ವಾರ ಆಯ್ತು ಮರ್ವ್. ನಾನು ಕೇಳಿದ್ದು ಕೆಲಸ ಮಾಡೋನ್ನ. ನೀನು ಪೊಲೀಸ್ ಸ್ಟೇಷನ್ ತೆಗೆದು ಕೂತಿದೀಯ.”

“ಇನ್ನೊಬ್ಬ ಇದಾನೆ. ಫಿಜಿಯವನು. ಅಪೆನಿಸ ಅಂತ.”

“ಅವನೇ ಆಗ್ಲಿ ಬಿಡು. ಬೇಡ ಅನ್ನೋ ಹಾಗಿದ್ರೆ ಕಾರಣ ಬರೀ, ಇವತ್ತೇ. ಆಮೇಲೆ ಯಾವುದಾದ್ರೂ ಏಜೆನ್ಸಿಗೆ ಒಪ್ಪಿಸಿ ಕೈ ತೊಳ್ಕೋತೀನಿ.”

ಅಪೆನಿಸನ ಅರ್ಜಿಯನ್ನು ಪಾಸ್ಕೋ ಮತ್ತೆ ತೆರೆದ. ಕೊನೆಯಲ್ಲಿ ನಾಲ್ಕು ಸಾಲು ಹೆಚ್ಚಿಗೆ ಬರೆದಿದ್ದ. ಶುಕ್ರವಾರ ಅವನು ವಿಮಾನ ಹತ್ತಬೇಕು. ಇದೇ ದಕ್ಷಿಣ ಆಸ್ಟ್ರೇಲಿಯಾದ ಮಾಂಸದ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ದನ ಕೊಯ್ಯುವ ಕರಾರು, ಸಂಸಾರ ಕರೆತರುವಂತಿಲ್ಲ. ಮಗಳಿಗೆ ಆರು ವಾರ. ಈ ಕೆಲಸ ಸಿಕ್ಕರೆ ಹೋಗುವುದು ತಪ್ಪುತ್ತದೆ, ದಯವಿಟ್ಟು ಶುಕ್ರವಾರಕ್ಕೆ ಮುಂಚೆ ತಿಳಿಸಿ. ಪಾಸ್ಕೋ ತುಟಿ ಕೊಂಕಿಸಿದ. ಅರ್ಜಿಗಳಲ್ಲಿ ಸಾಯುವ ತಾಯಂದಿರನ್ನು, ಹುಟ್ಟುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದ. ಇವತ್ತು ಬುಧವಾರ.

ಪರದೆಯ ಮೇಲೆ ಬಂದವನು ಬಿಳಿ ಅಂಗಿಗೆ ಟೈ ಕಟ್ಟಿದ್ದ. ಕೂದಲಿಗೆ ಎಣ್ಣೆ. ಹಿಂದೆ ಹಸಿರು ಬಣ್ಣದ ಹಲಗೆ ಗೋಡೆ, ಚರ್ಚಿನ ಕ್ಯಾಲೆಂಡರು. ಮನೆಯಲ್ಲೇ ಕೂತು ಟೈ ಕಟ್ಟುವವನನ್ನು ಪಾಸ್ಕೋ ನೋಡಿ ಬಹಳ ದಿನವಾಗಿತ್ತು. ಹಾಸ್ಯಾಸ್ಪದವೆನಿಸಿತು.

ಪ್ರಶ್ನೆಗೂ ಉತ್ತರಕ್ಕೂ ನಡುವೆ ಅಪೆನಿಸ ಸ್ವಲ್ಪ ತಡೆಯುತ್ತಿದ್ದ. ಕದ್ದು ಓದುವವನ ಗುರುತೆಂದು ಆ ತಡೆಯನ್ನೇ ಪಾಸ್ಕೋ ಕಾಯುತ್ತಿದ್ದ.

“ಕಣ್ಣು ಮುಚ್ಚಿ.”

ಅಪೆನಿಸ ಯಾಕೆಂದು ಕೇಳಲಿಲ್ಲ. ಮುಚ್ಚಿದ. ಮುಚ್ಚಿದ ಮೇಲೆ ಉತ್ತರ ಇನ್ನೂ ಚೊಕ್ಕಟವಾಗಿ ಬಂತು. ಪಾಸ್ಕೋ ಹತ್ತು ಪ್ರಶ್ನೆ ಕೇಳಿದ, ಕೊನೆಯ ಮೂರಕ್ಕೆ ತನಗೇ ಉತ್ತರ ಸರಿಯಾಗಿ ಗೊತ್ತಿರಲಿಲ್ಲ.

“ಸರ್, ಇನ್ನೊಂದು ಹೇಳ್ಲಾ?” ಎಂದ ಅಪೆನಿಸ, ಕಣ್ಣು ಮುಚ್ಚಿಕೊಂಡೇ. “ಪರೀಕ್ಷೆಗೆ ಅಂತ ನಿಮ್ಮ ಪಾಳಿ ಪ್ರೋಗ್ರಾಂ ಕಳಿಸಿದ್ರಲ್ಲ, ಅದ್ರಲ್ಲೇ ಒಂದು ತಪ್ಪಿದೆ. ನಿಮ್ಮೂರಲ್ಲಿ ಬೇಸಿಗೆಗೆ ಅಂತ ಮುಂದಕ್ಕಿಟ್ಟ ಗಡಿಯಾರಾನ ವರ್ಷಕ್ಕೊಂದು ಸಲ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತೀರಲ್ಲ, ಅವತ್ತು ದಾದಿ ಆ ಗಂಟೆ ಎರಡು ಸಲ ದುಡೀತಾಳೆ. ಪ್ರೋಗ್ರಾಂ ಒಂದೇ ಸಲ ಬರ್ಕೊಳ್ಳುತ್ತೆ, ಒಂದು ಗಂಟೆ ಸಂಬಳ ಹೋಗುತ್ತೆ. ನಮ್ಮಲ್ಲಿ ಗಡಿಯಾರ ತಿರುಗಿಸಲ್ಲ, ಅದಕ್ಕೇ ನನಗೆ ಎದ್ದು ಕಾಣ್ತು.”

ಆ ಭಾಗವನ್ನು ಬರೆದವನು ಪಾಸ್ಕೋ. ಬರೆದು ಏಳು ವರ್ಷವಾಗಿತ್ತು. ಏಳು ವರ್ಷ, ಏಳು ಗಂಟೆ, ನೂರಾರು ದಾದಿಯರು. ಯಾರೂ ಕೇಳಿರಲಿಲ್ಲ.

“ನೋಡ್ತೀನಿ,” ಎಂದ. ಮುಖ ಬಿಸಿಯಾಯಿತು. “ಕಣ್ಣು ತೆರೀರಿ.”

ತೆರೆದವನು ಮೊದಲು ನೋಡಿದ್ದು ಪಾಸ್ಕೋನನ್ನಲ್ಲ. ಕ್ಯಾಮೆರಾದ ಮೇಲ್ಗಡೆ, ಎದುರಿಗೆ. ಪಾಸ್ಕೋಗೆ ಜೀವ ಬಂದಂತಾಯಿತು. ಮೂವತ್ತಮೂರು.

“ಎದುರಿಗೆ ಯಾರಿದಾರೆ?”

“ಯಾರೂ ಇಲ್ಲ ಸರ್. ಅಂದ್ರೆ... ಹೇಳಿಕೊಡೋರು ಯಾರೂ ಇಲ್ಲ.”

“ಕೋಣೆ ತೋರಿಸಿ.”

“ಸರ್?”

“ಲ್ಯಾಪ್‌ಟಾಪ್ ಎತ್ತಿ ಸುತ್ತ ತಿರುಗಿಸಿ. ನಿಧಾನವಾಗಿ. ಎಲ್ಲರಿಗೂ ಇದೇ ನಿಯಮ.”

ಅಪೆನಿಸ ಎತ್ತಿದ. ಗೋಡೆ ಸರಿಯಿತು, ಕಿಟಕಿ ಸರಿಯಿತು. ಆಮೇಲೆ ಚಾಪೆ ಬಂತು. ಚಾಪೆಯ ಮೇಲೆ ಸಾಲಾಗಿ ಹನ್ನೆರಡು ಜನ ಕೂತಿದ್ದರು. ಎಲ್ಲರೂ ಭಾನುವಾರ ಚರ್ಚಿಗೆ ಹೋಗುವ ಬಟ್ಟೆಯಲ್ಲಿದ್ದರು, ಕೈಗಳು ತೊಡೆಯ ಮೇಲಿದ್ದವು. ಒಬ್ಬಳ ಎದೆಗೆ ಅಂಟಿ ಮಲಗಿದ ಕೂಸು. ತನ್ನ ಬಾಯಿಯನ್ನು ತಾನೇ ಎರಡು ಕೈಯಿಂದ ಮುಚ್ಚಿಕೊಂಡ ಪುಟ್ಟ ಹುಡುಗಿ. ಮೂಲೆಯಲ್ಲಿ ನೊಣ ಕೂರದಂತೆ ಮುಚ್ಚಿದ ಬಲೆಯ ಕೆಳಗೆ ಬೇಯಿಸಿದ ಗೆಣಸು, ಮೀನು. ಯಾರೂ ಊಟ ಮಾಡಿರಲಿಲ್ಲ. ಐವತ್ತು ನಿಮಿಷ ಇವರು ಹೀಗೇ ಕೂತಿದ್ದರು, ಪಾಸ್ಕೋಗೆ ಒಂದು ಕೆಮ್ಮೂ ಕೇಳಿಸಿರಲಿಲ್ಲ.

“ಸದ್ದು ಮಾಡಬೇಡಿ ಅಂತ ನಾನೇ ಹೇಳಿದ್ದೆ ಸರ್. ಪ್ರಾರ್ಥನೆ ಮಾಡ್ಕೊಂಡು ಕೂತಿದಾರೆ. ಶುಕ್ರವಾರದ್ದು ತಪ್ಪಲಿ ಅಂತ.”

“ಬುಲಾ,” ಎಂದು ಹನ್ನೆರಡು ಜನವೂ ಮೆಲ್ಲಗೆ ತಮ್ಮ ಭಾಷೆಯಲ್ಲಿ ವಂದಿಸಿದರು. ನಮಸ್ಕಾರಕ್ಕೆ ಪಾಸ್ಕೋನ ಕೈ ಅರ್ಧ ಮೇಲೆ ಬಂದು ಮೇಜಿನ ಮೇಲೆ ಕೂತುಕೊಂಡಿತು.

ನಡುವೆ ಕೂತಿದ್ದ ಮುದುಕಿ ಪರದೆಯನ್ನೇ ದಿಟ್ಟಿಸಿ ಏನೋ ಹೇಳಿದಳು. ಎಲ್ಲರೂ ತಲೆದೂಗಿದರು.

“ನಮ್ಮಜ್ಜಿ ಸರ್,” ಎಂದ ಅಪೆನಿಸ. “ಇಷ್ಟೊಂದು ಪುಸ್ತಕ ಇಟ್ಕೊಂಡಿರೋರು ಒಳ್ಳೇವ್ರೇ ಇರ್ತಾರೆ ಅಂತಿದಾರೆ.”

ಪಾಸ್ಕೋನ ಬೆನ್ನ ಹಿಂದೆ ನೆಲದಿಂದ ಸೂರಿನವರೆಗೆ ಪುಸ್ತಕದ ಕಪಾಟು ಕಾಣುತ್ತಿತ್ತು. ಅದು ಕಂಪನಿ ಎಲ್ಲರಿಗೂ ಹಂಚಿದ ಚಿತ್ರ. ಕ್ಯಾಮೆರಾ ಮನುಷ್ಯನನ್ನು ಗುರುತಿಸಿ ಬಿಟ್ಟು, ಮಿಕ್ಕಿದ್ದರ ಮೇಲೆಲ್ಲ ಆ ಚಿತ್ರ ಹೊದಿಸುತ್ತಿತ್ತು. ನಿಜವಾದ ಪುಸ್ತಕಗಳನ್ನು ಅವನು ಮದುವೆ ಮುರಿದ ವರ್ಷವೇ ಕೊಟ್ಟುಬಿಟ್ಟಿದ್ದ.

ಮುದುಕಿ ಮತ್ತೆ ಏನೋ ಅಂದಳು. ಅಪೆನಿಸ ನಾಚಿಕೊಂಡ. “ನಮ್ಮನೆ ನೀವು ನೋಡಿದ್ರಿ, ನಿಮ್ಮನೇನೂ ಒಂಚೂರು ತೋರಿಸ್ಬೇಕಂತೆ. ಮನೆಯವರನ್ನೂ ಕರೀಬೇಕಂತೆ, ಮಾತಾಡಿಸ್ತಾರಂತೆ. ಹಳೇ ಕಾಲದೋರು ಸರ್, ಬೇಜಾರು ಮಾಡ್ಕೋಬೇಡಿ.”

“ನಮ್ಮ ಕಂಪನೀಲಿ ಅದಕ್ಕೆ ಅವಕಾಶ ಇಲ್ಲ.”

ಅಪೆನಿಸ ತನ್ನ ಭಾಷೆಯಲ್ಲಿ ಹೇಳಿದ. ಮುದುಕಿ ಪಾಸ್ಕೋನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ತೀರ ಮೆತ್ತಗೆ ಎರಡು ಮಾತು ಆಡಿದಳು. ಈ ಸಲ ಯಾರೂ ತಲೆದೂಗಲಿಲ್ಲ.

“ಏನಂದ್ರು?”

“ಏನಿಲ್ಲ ಸರ್.”

“ಹೇಳಿ.”

“ಪಾಪ, ಒಬ್ರೇ ಇರೋ ಹಾಗಿದೆ, ಅಂದ್ರು.”

ಪಾಸ್ಕೋಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಲ್ಲಿ ಅವನಿಗೆ ಇಷ್ಟು ಶುದ್ಧವಾದ ಸಿಟ್ಟು ಬಂದಿರಲಿಲ್ಲ. ಊಟ ಬಿಟ್ಟು ಚಾಪೆಯ ಮೇಲೆ ಕೂತು ಅವನ ಮರ್ಜಿ ಕಾಯುತ್ತಿರುವವಳು, ಅವನಿಗೇ ಮರುಗುತ್ತಿದ್ದಾಳೆ. “ಸಂಜೆ ತಿಳಿಸ್ತೀವಿ,” ಎಂದು ಕರೆ ಮುಗಿಸಿದ. ಹನ್ನೆರಡು ಕೈಗಳು ಬೀಳ್ಕೊಡಲು ಮೇಲೆದ್ದಿದ್ದವು. ಚಿತ್ರ ಅರ್ಧದಲ್ಲೇ ಆರಿತು.

ನಮೂನೆ ತುಂಬಿದ. ಜ್ಞಾನ, ಹತ್ತಕ್ಕೆ ಹತ್ತು. ಪ್ರಾಮಾಣಿಕತೆ, ಹತ್ತು. ತಾನು ನ್ಯಾಯವಂತನೆಂದು ತೋರಿಸಿಕೊಳ್ಳಬೇಕಲ್ಲ. ಕೊನೆಯ ಸಾಲಿನಲ್ಲಿ ಬರೆದ: ‘ಬೇಡ. ಮನೆಯಲ್ಲಿ ಕೆಲಸಕ್ಕೆ ಬೇಕಾದ ಏಕಾಂತವಿಲ್ಲ. ಸಂದರ್ಶನದ ಉದ್ದಕ್ಕೂ ಹನ್ನೆರಡು ಮಂದಿ ಹೊರಗಿನವರು ಹಾಜರಿದ್ದರು.’ ಓದಿ ನೋಡಿದ. ‘ಮನೆಯವರು’ ಎಂದಾಗಬೇಕಿತ್ತು. ತಿದ್ದಲಿಲ್ಲ. ಕಳಿಸಿದ.

ಡೆನೀಸ್ ಕೂಡಲೇ ಫೋನ್ ಮಾಡಿದಳು. ನಗುತ್ತಿದ್ದಳು. “ಹನ್ನೆರಡು ಜನಾನಾ? ಒಳ್ಳೇ ಫುಟ್ಬಾಲ್ ಟೀಮೇ ಇಟ್ಕೊಂಡು ಉತ್ತರ ಹೇಳ್ತಿದ್ನಲ್ಲ. ಭಲೇ ಹಿಡಿದೆ ಬಿಡು.”

“ಹ್ಞೂಂ,” ಎಂದ ಪಾಸ್ಕೋ.

“ಅವನಿಗೆ ನಾನೇ ತಿಳಿಸ್ತೀನಿ. ನೀನು ಊಟ ಮಾಡು.”

ಅವನು ಊಟಕ್ಕೆ ಏಳಲಿಲ್ಲ. ತೋರಿಸಿದ್ದರೆ ಆ ಮುದುಕಿಗೆ ಏನು ಕಾಣುತ್ತಿತ್ತು? ನೋಡಿಯೇ ಬಿಡೋಣವೆಂದು ಕ್ಯಾಮೆರಾ ತೆರೆದ. ಲ್ಯಾಪ್‌ಟಾಪನ್ನು ಎದೆಯ ಮಟ್ಟಕ್ಕೆ ಎತ್ತಿ, ಅದರ ಮುಖ ಆಚೆ ಮಾಡಿ, ಬಗ್ಗಿ ಪರದೆಯತ್ತ ಇಣುಕುತ್ತ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದ. ಪುಸ್ತಕ. ಹಾಸಿಗೆಯಿದ್ದಲ್ಲಿ ಪುಸ್ತಕ, ಎಳೆದ ಪರದೆಯ ಕಿಟಕಿಯಿದ್ದಲ್ಲಿ ಪುಸ್ತಕ, ತಟ್ಟೆ ಒಣಗುತ್ತಿದ್ದ ಸಿಂಕಿನಲ್ಲಿ ಪುಸ್ತಕ. ಕೋಣೆ ಎಲ್ಲೂ ಇರಲಿಲ್ಲ.

ಲ್ಯಾಪ್‌ಟಾಪನ್ನು ಕುರ್ಚಿಯ ಮೇಲಿಟ್ಟು, ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತ. ಬೆಳಕು ಸಾಲದು. ಕ್ಯಾಮೆರಾ ಮನುಷ್ಯನನ್ನು ಹುಡುಕುತ್ತಿತ್ತು, ಪರದೆಯ ತುಂಬ ಪುಸ್ತಕದ ಬೆನ್ನುಗಳು ಅಲುಗಾಡದೆ ನಿಂತಿದ್ದವು. ಅವನು ಕಾದ. ಕೈ ಎತ್ತಿ ಆಡಿಸಿದ. ಪುಸ್ತಕಗಳ ನಡುವೆ ಒಂದು ಕ್ಷಣ ನಾಲ್ಕು ಬೆರಳು ಮೂಡಿ, ಮತ್ತೆ ಮುಚ್ಚಿಹೋದವು.