ಸಾಹುಕಾರನಿಗೆ ಊಟ

ದೋಣಿ ಕಟ್ಟುವ ಆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕು ಇದ್ದದ್ದು ಒಬ್ಬನಿಗೆ ಮಾತ್ರ. ಅವಳ ಗಂಡನ ತಮ್ಮ, ಅಲ್ಲಿಯ ಬಡಗಿ. ಗಂಡ ತೀರಿಕೊಂಡ ಮೇಲೆ ಗೋಡೆ ನೋಡುತ್ತಾ ಕೂತಿದ್ದವಳನ್ನು ಅವನೇ ಕರೆತಂದು ಶೆಡ್ಡಿನ ಅಡುಗೆಮನೆಗೆ ಸೇರಿಸಿದ್ದ. ಅವನು ಅತ್ತಿಗೆ ಅನ್ನುವುದನ್ನು ಕೇಳಿ ಕೇಳಿ ಉಳಿದವರ ನಾಲಿಗೆಗೂ ಅದೇ ಹತ್ತಿಕೊಂಡಿತು. ಕೊನೆಗೆ ಅವಳಿಗಿಂತ ಎಷ್ಟೋ ದೊಡ್ಡವನಾದ ಯಜಮಾನನೂ ‘ಅತ್ತಿಗೆ, ಊಟ ಆಯ್ತಾ?’ ಎಂದು ಕೇಳತೊಡಗಿದ.

ಅವಳ ಕೈರುಚಿಗೆ ಯಾರೂ ಹೆಸರಿಡುವಂತಿರಲಿಲ್ಲ. ಆದರೆ ಮಹಾ ಪುಕ್ಕಲಿ. ಸೌದೆಯ ರಾಶಿಯಿಂದ ಅಂಗೈಯಗಲದ ಜೇಡವೊಂದು ಹೊರಬಂದರೆ ಸಾಕು, ಸೌಟು ಒಂದು ಕಡೆ, ಅವಳು ಒಂದು ಕಡೆ. ಕೂಗು ಕೇಳಿ ಮೈದುನ ಬರುತ್ತಿದ್ದ. ಜೇಡವನ್ನು ಬರಿಗೈಯಲ್ಲಿ ಎತ್ತಿ ಹೊರಗೆ ಬಿಡುತ್ತಾ, “ಅತ್ತಿಗೆ, ಅದಕ್ಕೂ ನಿಮ್ಮನ್ನ ಕಂಡ್ರೆ ಜೀವ ಬಾಯಿಗೆ ಬರುತ್ತೆ. ಇಬ್ಬರಲ್ಲಿ ಒಬ್ಬರಾದ್ರೂ ಸ್ವಲ್ಪ ಧೈರ್ಯ ತಂದ್ಕೊಳ್ಳಿ” ಅನ್ನುತ್ತಿದ್ದ. ಕೆಲಸಗಾರರು ಹೊಟ್ಟೆ ಹಿಡಿದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಒಳಗೊಳಗೇ ಅದು ಚುಚ್ಚುತ್ತಿತ್ತೆಂದು ಅವಳಿಗೇ ಆಗ ಸರಿಯಾಗಿ ತಿಳಿದಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಮೀನಿನ ತಲೆ, ಕರುಳುಗಳನ್ನು ಪಾತ್ರೆಯಲ್ಲಿ ತುಂಬಿಕೊಂಡು ನದಿಯ ಮೆಟ್ಟಿಲಿಗೆ ಹೋದಳು. ತಳಕ್ಕಂಟಿದ್ದು ಬೀಳಲೆಂದು ಪಾತ್ರೆಯನ್ನು ಕಲ್ಲಿಗೆ ಟಣ್ ಟಣ್ ಎಂದು ಬಡಿದಳು. ಎದುರಿಗಿದ್ದ ಮರದ ದಿಮ್ಮಿಗೆ ಕಣ್ಣು ಬಂತು. ದಿಮ್ಮಿ ಬಾಯಿ ತೆರೆದು, ಮೀನಿನ ತಲೆ ನುಂಗಿ, ಸದ್ದಿಲ್ಲದೆ ಮುಳುಗಿತು.

ಅವಳು ತಿರುಗಿ ನೋಡಿದಾಗ ಅರ್ಧ ಶೆಡ್ಡು ಬಾಯಿ ಬಿಟ್ಟುಕೊಂಡು ನಿಂತಿತ್ತು.

“ಮೊಸಳೆ ಮುಂದೆ ಕದಲಲೇ ಇಲ್ಲ ನೋಡ್ರಪ್ಪ ನಮ್ಮ ಅತ್ತಿಗೆ!” ಎಂದು ಯಾರೋ ಕೂಗಿದರು.

ಭಯಕ್ಕೆ ಕಾಲು ಕಲ್ಲಾಗಿತ್ತು ಎಂದು ಅವಳು ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು, “ಅದಕ್ಕೇನು, ಪಾಪ, ಹಸಿದಿತ್ತು” ಎಂದಳು.

ಮಾರನೆಯ ದಿನವೂ ಹೋದಳು. ಮನಸ್ಸಿರಲಿಲ್ಲ, ಆದರೆ ಹಿಂದೆ ಜನ ಇದ್ದರು. ದಿನ ಕಳೆದಂತೆ ಹೆದರಿಕೆ ಹೋಯಿತು. ಪಾತ್ರೆ ಬಡಿದರೆ ಸಾಕು, ಆಚೆ ದಡದಿಂದ ನೀರು ಸೀಳಿಕೊಂಡು ಅದು ಬರತೊಡಗಿತು. ಕೆಲಸವಿಲ್ಲ, ಕಾರ್ಯವಿಲ್ಲ, ಊಟಕ್ಕೆ ಮಾತ್ರ ಸರಿಯಾಗಿ ಹಾಜರು ಎಂದು ಹುಡುಗರು ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟರು. “ಸಾಹುಕಾರ್ರು ಬಂದ್ರು, ಜಾಗ ಬಿಡಿ!” ಎಂದು ಗಲಾಟೆ ಎಬ್ಬಿಸುತ್ತಿದ್ದರು. ಪಕ್ಕದ ಗೋದಾಮಿನವರೂ ನೋಡಲು ಬರುತ್ತಿದ್ದರು. ದೋಣಿ ಕೊಳ್ಳಲು ಬಂದವರಿಗೆ ಯಜಮಾನ, “ನಮ್ಮ ಅಡುಗೆಯವರು ಕರೆದ್ರೆ ಮೊಸಳೆ ಬರುತ್ತೆ” ಎಂದು ಮೀಸೆ ತಿರುವುತ್ತಿದ್ದ. ಆಗ ಅವಳು ಒಂದು ಗೇಣು ಎತ್ತರವಾದಂತೆ ನಡೆಯುತ್ತಿದ್ದಳು.

ಚಪ್ಪಾಳೆ ತಟ್ಟದೆ ಉಳಿದವನು ಮೈದುನ ಒಬ್ಬನೇ. ಒಂದು ದಿನ ಊಟದ ಹೊತ್ತಿಗೆ ಎಲ್ಲರ ಮುಂದೆಯೇ ಹೇಳಿದ.

“ಅತ್ತಿಗೆ, ಇನ್ನು ಸಾಕು. ನಿನ್ನೆ ಅದು ಮೂರು ಮೆಟ್ಟಿಲು ಹತ್ತಿ ಬಂದಿತ್ತು. ಮೊದಲು ನಮ್ಮನ್ನ ಕಂಡ್ರೆ ಮುಳುಗ್ತಿತ್ತು. ಈಗ ನಮ್ಮನ್ನೇ ನೋಡ್ಕೊಂಡು ಬರುತ್ತೆ.”

ಅವನ ದನಿಯಲ್ಲಿ ಕಾಳಜಿ ಇತ್ತು. ಅವಳಿಗೆ ಕೇಳಿಸಿದ್ದು ಮಾತ್ರ ಬೇರೆ. ತನಗೆ ಸಿಕ್ಕ ಒಂದೇ ಒಂದು ದೊಡ್ಡಸ್ತಿಕೆಯನ್ನು ಇವನು ಕಿತ್ತುಕೊಳ್ಳಲು ಬಂದಂತೆ ಅನ್ನಿಸಿತು.

“ಏನ್ರಪ್ಪ, ಈಗ ಪುಕ್ಕಲ ಯಾರು?” ಎಂದಳು ಸೌಟು ಎತ್ತಿ ಹಿಡಿದು. “ಹೆದರಬೇಡಪ್ಪ, ನಿನ್ನ ಅಂಟಿನ ಪಾತ್ರೆನೂ ನಾನೇ ತೊಳೆದು ಕೊಡ್ತೀನಿ. ನೀನು ಒಳಗೇ ಕೂತಿರು.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮೈದುನನ ಕಿವಿ ಕೆಂಪಗಾಯಿತು. ಅವನು ತಟ್ಟೆ ನೋಡುತ್ತಾ ಊಟ ಮುಗಿಸಿದ.

ಹಲಗೆ ಕೂಡಿಸುವ ಅಂಟಿನ ಪಾತ್ರೆಯನ್ನು ಅವನು ಯಾವಾಗಲೂ ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ತೊಳೆಯುತ್ತಿದ್ದ. ಅವತ್ತು ಸಂಜೆ ಅದನ್ನು ಹಿಡಿದು ನೇರ ಮೆಟ್ಟಿಲಿಗೆ ಇಳಿದ. ಅಡುಗೆಮನೆಯ ಕಿಟಕಿಯಿಂದ ಅವಳು ನೋಡಿದಳು. ಕೂಗಬೇಕು ಅನ್ನಿಸಿತು. ಕೂಗಿದರೆ ತಾನೇ ಸೋತಂತೆ ಎಂದುಕೊಂಡು ಒಂದು ಗಳಿಗೆ ಸುಮ್ಮನಾದಳು. ಅಷ್ಟರಲ್ಲಿ ಅವನು ಒಣಗಿದ ಅಂಟು ಉದುರಲೆಂದು ಪಾತ್ರೆಯನ್ನು ಕಲ್ಲಿಗೆ ಬಡಿದ.

ಆಮೇಲೆ ಅವಳು ಕೂಗಿದ್ದು ನದಿಯ ಆಚೆಗೂ ಕೇಳಿಸಿತಂತೆ. ಬಿದಿರಿನ ಕೋಲು, ಹುಟ್ಟುಗಳನ್ನು ಹಿಡಿದು ಹುಡುಗರು ಓಡಿದರು. ನಾಲ್ಕಾರು ಜನ ಒಟ್ಟಿಗೆ ಬಡಿದ ಮೇಲೆ ಮೊಸಳೆ ಹಿಡಿತ ಬಿಟ್ಟಿತು. ಮೈದುನನ ಜೀವ ಉಳಿಯಿತು. ಬಲಗೈ ಮಣಿಕಟ್ಟಿನವರೆಗೆ ಹೋಯಿತು.

ಕಾಡುಪ್ರಾಣಿ ಹಿಡಿಯುವವರು ಬಂದು ಬಲೆ ಹಾಕಿದರು. ಸಾಹುಕಾರ ಹೆಚ್ಚು ಕಷ್ಟ ಕೊಡಲಿಲ್ಲ. ಪಾತ್ರೆ ಬಡಿದು ಕರೆದರು, ಬಂತು. ಬಾಯಿ ಕಟ್ಟಿ, ಕಣ್ಣಿಗೆ ಒದ್ದೆ ಗೋಣಿ ಹೊದಿಸಿ, ಏಣಿಗೆ ಬಿಗಿದು ಲಾರಿಗೆ ಏರಿಸುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

“ಬೇರೆ ಕಡೆ ನದಿಗೆ ಬಿಡ್ತೀರಾ?” ಎಂದು ಕೇಳಿದಳು.

“ಎಲ್ಲಿ ಬಿಡೋದಮ್ಮ? ಎಲ್ಲಿ ಬಿಟ್ರೂ ಮನುಷ್ಯರ ಹತ್ತಿರಾನೇ ಬರುತ್ತೆ. ಇನ್ನು ಮೃಗಾಲಯದ ತೊಟ್ಟೀಲೇ ಅದರ ಬದುಕು” ಎಂದು ಅವರಲ್ಲಿ ಹಿರಿಯನೊಬ್ಬ ಹಗ್ಗ ಬಿಗಿಯುತ್ತಾ ಹೇಳಿದ. ಗದರಲಿಲ್ಲ. ದಿನಾ ಊಟ ಹಾಕಿದ್ದು ಯಾರೆಂದು ಅವನಿಗೆ ಗೊತ್ತಿತ್ತೋ ಏನೋ.

ಆಸ್ಪತ್ರೆಯಲ್ಲಿ ಓರಗಿತ್ತಿ, ಮೈದುನನ ಹೆಂಡತಿ, ಅವಳನ್ನು ಬೈಯಲಿಲ್ಲ. ಮಂಚದ ಪಕ್ಕದ ಸ್ಟೂಲಿನಿಂದ ಎದ್ದು, ಅವಳಿಗೆ ಜಾಗ ಬಿಟ್ಟು, ಹೊರಗೆ ಹೋಗಿ ಕೂತಳು. ಒಂದೇ ಮನೆಯಲ್ಲಿ ಒಟ್ಟಿಗೆ ಹಪ್ಪಳ ಒತ್ತುತ್ತಾ ನಗುತ್ತಿದ್ದ ಇಬ್ಬರ ನಡುವೆ ಅಂದಿನಿಂದ ‘ನೀರು ಬಂತಾ’, ‘ಬಾಗಿಲು ಹಾಕಿ’ ಎಂಬಷ್ಟೇ ಮಾತು ಉಳಿಯಿತು.

ಯಜಮಾನ ಒಳ್ಳೆಯವನು, ಮೈದುನನನ್ನು ಕೈಬಿಡಲಿಲ್ಲ. ಈಗ ಅವನು ಹಲಗೆಗಳನ್ನು ಆರಿಸಿ ಕೊಡುತ್ತಾನೆ, ಹೊಸಬರಿಗೆ ಕೆಲಸ ತೋರಿಸುತ್ತಾನೆ. ಉಳಿ ಹಿಡಿಯಲು ಹೇಳಿಕೊಡುವಾಗ ಅವನ ಬಲತೋಳು ತಾನಾಗಿಯೇ ಮುಂದೆ ಬಂದು, ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಹಿಂದೆ ಹೋಗುತ್ತದೆ. ಅವಳು ಅದನ್ನು ಕಿಟಕಿಯಿಂದ ಎಷ್ಟು ಸಲ ನೋಡಿದ್ದಾಳೋ.

ಒಮ್ಮೆ, ಉಳಿದವರೆಲ್ಲ ಉಂಡು ಎದ್ದ ಮೇಲೆ, ಅವನು ಎಡಗೈಯಲ್ಲಿ ಚಮಚ ಹಿಡಿದು ನಿಧಾನವಾಗಿ ಉಣ್ಣುತ್ತಿದ್ದಾಗ ಅವಳು ಎದುರಿಗೆ ಬಂದು ಕೂತಳು.

“ಅವತ್ತು ನಲ್ಲಿ ಬಿಟ್ಟು ಮೆಟ್ಟಿಲಿಗೆ ಯಾಕೆ ಹೋದೆ?”

ಅವನು ತಲೆ ಎತ್ತಲಿಲ್ಲ.

“ನಲ್ಲೀಲಿ ನೀರು ಬರ್ತಿರಲಿಲ್ಲ, ಅತ್ತಿಗೆ.”

ಅವತ್ತು ಸಂಜೆ ಅವಳು ಅದೇ ನಲ್ಲಿಯಿಂದ ಎರಡು ಕೊಡ ತುಂಬಿಸಿ ತಂದಿದ್ದಳು. ಅದು ಅವನಿಗೂ ಗೊತ್ತಿತ್ತು. ಆ ಕೊಡಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದವನೇ ಅವನು. ‘ನಿಮ್ಮ ಮಾತಿಗೆ ಹೋದೆ’ ಎಂದು ಒಂದು ಸಲ ಮುಖಕ್ಕೆ ಹೊಡೆದಂತೆ ಅಂದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಅವನು ಅದಕ್ಕೂ ಅವಕಾಶ ಕೊಡಲಿಲ್ಲ.

“ಇನ್ನೊಂಚೂರು ಬಡಿಸ್ಲಾ?” ಎಂದು ಕೇಳಿದಳು.

“ಸ್ವಲ್ಪ ಹಾಕಿ” ಎಂದ ಅವನು, ತಟ್ಟೆಯನ್ನು ಮೊಣಕೈಯಿಂದ ಮುಂದಕ್ಕೆ ಸರಿಸುತ್ತಾ.